ಪಿತ್ತನಾಳದ ಗಾಯ ಮತ್ತು ಕಣ್ಣಿನ ಭ್ರಮೆ

ಸಣ್ಣ ರಂಧ್ರಗಳ ಮೂಲಕ ಪಿತ್ತಕೋಶವನ್ನು ತೆಗೆಯುವ ಶಸ್ತ್ರಕ್ರಿಯೆಗೆ ನಮ್ಮ ಬೀದರ ಸೀಮೆಯ ಜನರು ‘ದುರ್ಬೀನ್ ಆಪರೇಷನ್’ ಎನ್ನುತ್ತಾರೆ. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ಹೆಸರು ಪೂರ್ಣ ಒಪ್ಪಿಗೆಯಾಗಿದೆ. ಹೊಟ್ಟೆಯೊಳಗೆ ಇಳಿಸುವ ಆ ನಳಿಗೆಯಲ್ಲಿನ ಗಾಜಿನ ಕಡ್ಡಿಗಳ ಜೋಡಣೆಯನ್ನು ರೂಪಿಸಿದವರು ವೈದ್ಯರಲ್ಲ, ಇಂಗ್ಲೆಂಡಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸರು. ಗಾಜಿನ ಎಳೆಗಳ ಕಟ್ಟಿನ ಮೂಲಕ ಬಿಂಬವನ್ನು ಸಾಗಿಸುವ ವಿಚಾರವಾಗಿ 1954ರಲ್ಲಿ ಅವರೊಡನೆ ಲೇಖನ ಪ್ರಕಟಿಸಿದವರು ನಮ್ಮ ನರಿಂದರ್ ಸಿಂಗ್ ಕಪಾನಿಯವರು. ಆದುದರಿಂದ ಈ ವಿಷಯದಲ್ಲಿ ನಾವು ಬಾಯಿಹಾಕುವುದು ಅಧಿಕಪ್ರಸಂಗವೆನಿಸಲಾರದೆಂದು ನಂಬುತ್ತೇವೆ.

1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಆರಂಭಿಸಿದ ಈ ವಿಧಾನವನ್ನು 1990ರಲ್ಲಿ ಮುಂಬಯಿಯ ಡಾ. ಟೆಹೆಮ್ಟನ್ ಉದ್ವಾಡಿಯಾ ಭಾರತಕ್ಕೆ ತಂದರು. ನೋವು ಕಡಿಮೆ, ರೋಗಿ ಬೇಗನೆ ಮನೆ ಸೇರುತ್ತಾನೆ. ಆದರೆ ಒಂದು ಅಪಾಯ ಉಂಟು. ಕತ್ತರಿಸಬೇಕಾದುದು ಪಿತ್ತಕೋಶದ ಕಿರುನಾಳ. ಅದರ ಪಕ್ಕದಲ್ಲೇ ಯಕೃತ್ತಿನಿಂದ ಕರುಳಿಗೆ ಪಿತ್ತವನ್ನೊಯ್ಯುವ ಮುಖ್ಯನಾಳವಿದೆ. ಉರಿಯೂತದಿಂದ ಇವೆರಡೂ ಅಂಟಿಕೊಂಡಾಗ ಮುಖ್ಯನಾಳವೇ ಕತ್ತರಿಗೆ ಸಿಕ್ಕುವುದುಂಟು. ಸಾವಿರಕ್ಕೆ ಮೂರರಿಂದ ಐದು ಸಲ ಹೀಗಾಗುತ್ತದೆಂದು ಬಹುಕಾಲದಿಂದ ಹೇಳಲಾಗುತ್ತಿದೆ.

ಇದು ಕೈಯ ಅಕೌಶಲವೆ? 2003ರಲ್ಲಿ ಲಾರೆನ್ಸ್ ವೇ ಮತ್ತು ಸಂಗಡಿಗರು ಇಂತಹ 252 ಪ್ರಕರಣಗಳನ್ನು ಪರಿಶೀಲಿಸಿದಾಗ, ನೂರಕ್ಕೆ 97ರಲ್ಲಿ ಮೂಲಕಾರಣ ದೃಷ್ಟಿಭ್ರಮೆಯೆಂದು ಕಂಡಿತು. ಬಿಸಿಲ್ಗುದುರೆಯಲ್ಲಿ ಬೆಳಕೇ ಬಾಗುತ್ತದೆ; ಇಲ್ಲಿ ಬೆಳಕಿನದೇನೂ ತಪ್ಪಿಲ್ಲ, ಮನಸ್ಸು ತಾನು ನಿರೀಕ್ಷಿಸಿದ್ದನ್ನೇ ಪರದೆಯ ಮೇಲೆ ಕಾಣುತ್ತದೆ. ಜಾಣನಿಗೂ ಹಾಗೆಯೇ. ಈ ಕಾರಣದಿಂದಲೇ 1995ರಲ್ಲಿ ಸ್ಟೀವನ್ ಸ್ಟ್ರಾಸ್‌ಬರ್ಗರು ಒಂದು ನಿಯಮವನ್ನು ಮುಂದಿಟ್ಟರು: ಕೊಬ್ಬನ್ನು ಬಿಡಿಸಿ, ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಿ, ಎರಡೇ ಎರಡು ರಚನೆಗಳು ಪಿತ್ತಕೋಶವನ್ನು ಸೇರುವುದನ್ನು ಕಂಡ ಮೇಲೆಯೇ ಕತ್ತರಿಸತಕ್ಕದ್ದು. ಕಾಣದಿದ್ದರೆ ಹೊಟ್ಟೆಯನ್ನು ತೆರೆಯಬಹುದು, ಅಥವಾ ಪಿತ್ತಕೋಶದ ಒಂದಂಶವನ್ನು ಉಳಿಸಿ ಹಿಂದಿರುಗಬಹುದು. ‘ದುರ್ಬೀನ್ ಎಂದು ಹೇಳಿ ಹೊಟ್ಟೆ ಕೊಯ್ದರು’ ಎಂದು ಜಗಳ ತೆಗೆಯುವ ಬಂಧುಗಳು ಇದನ್ನು ತಿಳಿಯಬೇಕು.

ನಮ್ಮ ಮುಖ್ಯ ಮಾತು ಗಾಯವಾದ ನಂತರದ್ದು. ಕಿರುನಾಳದ ಮೊಳಕೆಯಿಂದ ಪಿತ್ತ ಸೋರಿದರೆ, ಬಾಯಿಯ ಮೂಲಕ ದರ್ಶಕವನ್ನಿಳಿಸಿ ಸ್ಟೆಂಟನ್ನಿಟ್ಟರೆ ಸಾಮಾನ್ಯವಾಗಿ ಗುಣವಾಗುತ್ತದೆ. ಮುಖ್ಯನಾಳವೇ ತುಂಡಾದರೆ ಕರುಳಿನ ಸುರುಳಿಯೊಂದನ್ನು ಅದಕ್ಕೆ ಜೋಡಿಸಬೇಕು. ಅದು ಪರಿಣತರ ಕೆಲಸ. 1995ರಲ್ಲಿ ಪ್ರಕಟವಾದ ಸ್ಟೀವರ್ಟ್ ಮತ್ತು ವೇ ಅವರ ವರದಿಯಲ್ಲಿ, ಮೊದಲ ಶಸ್ತ್ರವೈದ್ಯನೇ ಮಾಡಿದ ದುರಸ್ತಿ ನೂರಕ್ಕೆ 17ರಲ್ಲಿ ಮಾತ್ರ ಸಫಲವಾಗಿತ್ತು. ಪಿತ್ತನಾಳದ ತಜ್ಞರು ಮಾಡಿದ್ದು 94ರಲ್ಲಿ. ಇಷ್ಟು ಅಂತರವಿರುವಾಗ, ಸೋರುವ ಪಿತ್ತ ಹೊರಹರಿಯುವಂತೆ ಒಂದು ನಳಿಕೆಯನ್ನಿಟ್ಟು, ನಡೆದುದನ್ನು ಮರೆಮಾಚದೆ ಬರೆದುಕೊಟ್ಟು, ತಜ್ಞರಲ್ಲಿಗೆ ಕಳುಹಿಸುವ ವೈದ್ಯನೇ ನಿಪುಣನೆಂದು ನಾವು ಎಣಿಸುತ್ತೇವೆ. ಬೀದರದಿಂದ ಹೈದರಾಬಾದು ಸುಮಾರು 140 ಕಿಲೋಮೀಟರು. ಔರಾದ ತಾಲ್ಲೂಕಿನ ಎಕಂಬಾದವರಿಗೆ ದಾರಿ ಇನ್ನೂ ದೂರ. ದೂರವೆಂಬ ಕಾರಣಕ್ಕೆ ಊರ ಹತ್ತಿರವೇ ಹೊಲಿಗೆ ಹಾಕಿಸಿಕೊಳ್ಳುವುದು, ವರ್ಷಗಳ ಮೇಲೆ ನಾಳ ಕಿರಿದಾಗಿ ಯಕೃತ್ತೇ ಕೆಡುವ ದಾರಿ.

ಮನೆಗೆ ಬಂದವನಿಗೆ ದಿನೇದಿನೇ ನೋವು ಇಳಿಯಬೇಕು. ಅದು ಏರಿ, ಹೊಟ್ಟೆಯುಬ್ಬರ, ಜ್ವರ, ಕಣ್ಣಿನ ಹಳದಿ ತೋರಿದರೆ, ‘ಗ್ಯಾಸ್’ ಎಂದು ಸೋಡಾ ಕುಡಿಯುತ್ತ ಕೂಡದೆ ಆ ದಿನವೇ ಆಸ್ಪತ್ರೆಗೆ ಮರಳತಕ್ಕದ್ದು. ಶಸ್ತ್ರಕ್ರಿಯೆಯ ಟಿಪ್ಪಣಿಯನ್ನೂ, ಚಿತ್ರೀಕರಣ ಮಾಡಿದ್ದರೆ ಅದರ ಪ್ರತಿಯನ್ನೂ ಕೇಳಿ ಜೊತೆಗಿಟ್ಟುಕೊಳ್ಳತಕ್ಕದ್ದು.