ಅಣೆಕಟ್ಟು ತುಂಬಿದ ವರ್ಷದಲ್ಲೂ ಒದ್ದೆಯಾಗುವ ರಾಗಿ

ಮಂಡ್ಯ: ಜಿಲ್ಲೆಯ ಮಳೆಗಾಲದ ಲೆಕ್ಕಾಚಾರ ಒಂದೇ ಅಂಕಿಯ ಸುತ್ತ ತಿರುಗುತ್ತದೆ. ಕೃಷ್ಣರಾಜಸಾಗರದ ನೀರು 124.80 ಅಡಿ ಮುಟ್ಟಿದರೆ ಬಾಗಿನ, ಮುಟ್ಟದಿದ್ದರೆ ಹೆದ್ದಾರಿ ತಡೆ. ಆದರೆ ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ನಾಲೆಯ ನೀರು ಕಾಣದ ಹೊಲಗಳೂ ಇವೆ. ಅಲ್ಲಿ ರಾಗಿ ಬೆಳೆಯುವವರ ಪಾಲಿಗೆ ಅಣೆಕಟ್ಟು ತುಂಬಿ ತುಳುಕಿದ ವರ್ಷವೇ ನಷ್ಟದ ವರ್ಷವಾಗುವುದುಂಟು. ನವೆಂಬರ್ ಕೊನೆಯಲ್ಲಿ ಕೊಯ್ದು ಒಣಗಲು ಬಿಟ್ಟ ಬೆಳೆಯ ಮೇಲೆ ಬಂಗಾಳ ಕೊಲ್ಲಿಯ ಮಳೆ ಸುರಿದರೆ ತೆನೆಯಲ್ಲೇ ಕಾಳು ಮೊಳಕೆಯೊಡೆಯುತ್ತದೆ, ಹುಲ್ಲು ಕಪ್ಪಾಗಿ ದನಕರುಗಳಿಗೂ ಬೇಡವಾಗುತ್ತದೆ. ತುಂಬಿದ ಕಟ್ಟೆ, ಕೊಳೆತ ರಾಗಿ ಇವೆರಡರ ಹಿಂದೆಯೂ ಬಹುಮಟ್ಟಿಗೆ ದೂರದ ಸಾಗರಗಳ ಉಷ್ಣತೆಯ ಕೈವಾಡವಿದೆ.

ಚಂಡಮಾರುತಕ್ಕೆ ಇಂಧನ ಒದಗಿಸುವುದು ಬಿಸಿ ನೀರು. ಸಮುದ್ರದ ಮೇಲ್ಮೈ ಉಷ್ಣತೆ ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಮೀರಿರಬೇಕು ಎಂಬುದು ಹವಾಮಾನ ಶಾಸ್ತ್ರದ ಹಳೆಯ ಸೂತ್ರ. ಬಂಗಾಳ ಕೊಲ್ಲಿಯಲ್ಲಿ ನವೆಂಬರ್‌ನಲ್ಲೂ ಈ ಮಿತಿ ದಾಟಿರುವುದು ಸಾಮಾನ್ಯವಾದ್ದರಿಂದ ಅದೊಂದೇ ನಿರ್ಣಾಯಕವಲ್ಲ. ಆ ಬಿಸಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಹೆಚ್ಚು ಮುಖ್ಯ. ಬಿಸಿ ಪದರ ತೆಳುವಾಗಿದ್ದರೆ ಬಿರುಗಾಳಿಯೇ ಕಡಲನ್ನು ಕಡೆದು ತಳದ ತಣ್ಣೀರನ್ನು ಮೇಲೆತ್ತಿ ತನ್ನ ಒಲೆಯನ್ನು ತಾನೇ ಆರಿಸಿಕೊಳ್ಳುತ್ತದೆ. ಕೊಲ್ಲಿಯ ಉತ್ತರ ಭಾಗದಲ್ಲಿ ಗಂಗಾ, ಬ್ರಹ್ಮಪುತ್ರಗಳು ತಂದು ಸುರಿಯುವ ಸಿಹಿನೀರು ಹಗುರವಾದ ಹೊದಿಕೆಯಂತೆ ಮೇಲೆ ನಿಂತು ಈ ಕಡೆಯುವಿಕೆಗೆ ಅಡ್ಡಿಯಾಗುತ್ತದೆ. ಮೇಲಿನ ಮತ್ತು ಕೆಳಗಿನ ಗಾಳಿಯ ವೇಗದಲ್ಲಿ ಅಂತರ ಹೆಚ್ಚಿದ್ದರೆ ಮಾತ್ರ ಎಷ್ಟು ಬಿಸಿಯಿದ್ದರೂ ಸುಳಿ ಗಟ್ಟಿಯಾಗದು.

ಆ ಗಾಳಿಯ ಲಗಾಮು ಶಾಂತ ಸಾಗರದ ಕೈಯಲ್ಲಿದೆ. ಅದರ ಮಧ್ಯ ಹಾಗೂ ಪೂರ್ವ ಭಾಗ ಕಾದರೆ ಎಲ್ ನಿನೊ, ತಣಿದರೆ ಲಾ ನಿನಾ. ಎಲ್ ನಿನೊ ಮಂಡ್ಯಕ್ಕೆ ತಂದ ಸಂಕಟ ಇನ್ನೂ ಯಾರಿಗೂ ಮರೆತಿಲ್ಲ. 2023ರ ಆಗಸ್ಟ್‌ನಲ್ಲಿ ದೇಶದ ಮಳೆ ವಾಡಿಕೆಗಿಂತ ಶೇ 36ರಷ್ಟು ಕುಸಿದು, 1901ರಿಂದ ಈಚಿನ ಅತ್ಯಂತ ಶುಷ್ಕ ಆಗಸ್ಟ್ ಎನಿಸಿತು. ಕೆಆರ್‌ಎಸ್ ತುಂಬಲಿಲ್ಲ, ತಮಿಳುನಾಡಿಗೆ ನೀರು ಬಿಡುವ ಆದೇಶ ವಿರೋಧಿಸಿ ಸೆಪ್ಟೆಂಬರ್ 23ರಂದು ಮಂಡ್ಯ ಬಂದ್ ನಡೆಯಿತು. ಮುಂದೆ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು.

ಹಾಗಾದರೆ ಲಾ ನಿನಾ ಬಂದರೆ ಎಲ್ಲವೂ ಶುಭವೇ? ಮುಂಗಾರಿನ ಮಟ್ಟಿಗೆ ಬಹುತೇಕ ಹೌದು. ಆದರೆ ಹಿಂಗಾರಿನ ಕಥೆ ಬೇರೆ. ಲಾ ನಿನಾ ವರ್ಷಗಳಲ್ಲಿ ದಕ್ಷಿಣದ ಹಿಂಗಾರು ಮಳೆಯ ಒಟ್ಟು ಮೊತ್ತ ತಗ್ಗುವುದೇ ಹೆಚ್ಚು. ಅದೇ ವೇಳೆ ಕೊಲ್ಲಿಯಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಲಿಷ್ಠ ಚಂಡಮಾರುತಗಳಿಗೆ ಅನುಕೂಲ ಹೆಚ್ಚುತ್ತದೆ. ಒಡಿಶಾವನ್ನು ಧ್ವಂಸಗೊಳಿಸಿದ 1999ರ ಮಹಾ ಚಂಡಮಾರುತ, 2020ರ ನವೆಂಬರ್‌ನಲ್ಲಿ ಪುದುಚೇರಿ ಬಳಿ ದಡ ಸೇರಿದ ‘ನಿವಾರ್’, 2022ರ ಡಿಸೆಂಬರ್ 9ರಂದು ಮಾಮಲ್ಲಪುರಂ ಬಳಿ ಅಪ್ಪಳಿಸಿದ ‘ಮಾಂಡೌಸ್’ ಇವೆಲ್ಲ ಲಾ ನಿನಾ ವರ್ಷದವು. ಋತುವಿನ ಸರಾಸರಿ ಅಂಕಿಅಂಶ ನೋಡುವ ಅಧಿಕಾರಿಗೆ ಆ ಹಂಗಾಮು ‘ಸಾಧಾರಣ’ವೆಂದೇ ಕಾಣಬಹುದು. ರಾಗಿ ಕೊಯ್ದು ಕುಳಿತವರಿಗೆ ಹಂಗಾಮಿನ ಮೊತ್ತ ಕಟ್ಟಿಕೊಂಡು ಆಗಬೇಕಾದ್ದೇನು? ಬದುಕು ಕೆಡಲು ಮೂರು ದಿನದ ಜಡಿಮಳೆ ಸಾಕು.

ಚಂಡಮಾರುತದ ಬಲಕ್ಕೂ ಮಂಡ್ಯದ ಹಾನಿಗೂ ನೇರ ಅನುಪಾತವಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕರಾವಳಿಯಿಂದ ಇಷ್ಟು ಒಳಗೆ ಬರುವಷ್ಟರಲ್ಲಿ ಗಾಳಿ ಸತ್ತಿರುತ್ತದೆ, ತೇವಾಂಶ ಉಳಿದಿರುತ್ತದೆ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ದಾಟಿದ ‘ಫೆಂಗಲ್’ ಗಾಳಿಯ ವೇಗದಲ್ಲಿ ದೊಡ್ಡದೇನಲ್ಲ. ಆದರೆ ಅದು ತಾಸುಗಟ್ಟಲೆ ಕದಲದೆ ನಿಂತಿತು. ಅದರ ಅವಶೇಷ ಪಶ್ಚಿಮಕ್ಕೆ ಸರಿದು ಡಿಸೆಂಬರ್ ಮೊದಲ ದಿನಗಳಲ್ಲಿ ರಾಜ್ಯದ ದಕ್ಷಿಣ ಒಳನಾಡನ್ನು ನೆನೆಸಿತು. ಆಗ ಲಾ ನಿನಾ ಇನ್ನೂ ಅಧಿಕೃತವಾಗಿ ಘೋಷಣೆಯೂ ಆಗಿರಲಿಲ್ಲ. 2021ರ ನವೆಂಬರ್‌ನಲ್ಲಿ ರಾಜ್ಯದ ರಾಗಿ ಬೆಳೆಯನ್ನು ಹಾಳುಗೆಡವಿದ್ದು ಚಂಡಮಾರುತವೆಂಬ ಹೆಸರನ್ನೂ ಪಡೆಯದ ವಾಯುಭಾರ ಕುಸಿತಗಳು.

ಇನ್ನು ಅರಬ್ಬಿ ಸಮುದ್ರ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಕಾದು ಪೂರ್ವ ಭಾಗ ತಣಿಯುವ ‘ದ್ವಿಧ್ರುವ’ ವಿದ್ಯಮಾನವನ್ನು 1999ರಲ್ಲಿ ಲೋಕಕ್ಕೆ ಪರಿಚಯಿಸಿದ ತಂಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಂದಿಗೆ ನಂಟುಳ್ಳ ಬಿ.ಎನ್. ಗೋಸ್ವಾಮಿ ಮತ್ತು ಪಿ.ಎನ್. ವಿನಯಚಂದ್ರನ್ ಇದ್ದರು. ಆ ದ್ವಿಧ್ರುವ ತೀವ್ರವಾಗಿದ್ದ 2019ರಲ್ಲಿ ಅರಬ್ಬಿ ಸಮುದ್ರ ಐದು ಚಂಡಮಾರುತಗಳನ್ನು ಹಡೆಯಿತು. 2023ರ ಜೂನ್‌ನಲ್ಲಿ ಅಲ್ಲೇ ಸುತ್ತಾಡಿದ ‘ಬಿಪರ್‌ಜಾಯ್’ ಮುಂಗಾರಿನ ಆರಂಭಕ್ಕೇ ಅಡ್ಡಗಾಲಾಯಿತು.

ಈ ತಿಳಿವಳಿಕೆ ಹೊಲಕ್ಕೆ ಇಳಿಯುವುದು ಹೇಗೆಂಬುದೇ ಪ್ರಶ್ನೆ. ಮಂಡ್ಯದ ವಿ.ಸಿ. ಫಾರಂ ಅಭಿವೃದ್ಧಿಪಡಿಸಿದ ಕೆಎಂಆರ್ ಸರಣಿಯ ರಾಗಿಯಲ್ಲಿ ಅಲ್ಪಾವಧಿ ತಳಿಗಳೂ ಇವೆ. ಅವನ್ನು ಬೇಗ ಬಿತ್ತಿದರೆ ಕಟಾವು ಅಕ್ಟೋಬರ್‌ಗೆ ಬಂದು ಜಿಲ್ಲೆಯ ಮಳೆ ಜೋರಾಗಿರುವ ದಿನಗಳಿಗೇ ಸಿಕ್ಕಿಬೀಳುತ್ತದೆ. ಆದಕಾರಣ ತಳಿ ಬದಲಿಸಿದರಾಯಿತು ಎಂಬ ಸುಲಭದ ಸಲಹೆ ನಿಲ್ಲದು. ಶಾಂತ ಸಾಗರದ ಒಲವು ಜೂನ್, ಜುಲೈ ಹೊತ್ತಿಗೆ ಒಂದಿಷ್ಟು ಸ್ಪಷ್ಟವಾಗುತ್ತದೆ. ಭಾರತೀಯ ಹವಾಮಾನ ಇಲಾಖೆಯ ಹಿಂಗಾರು ಮುನ್ಸೂಚನೆ ಹೊರಬೀಳುವುದು ಸೆಪ್ಟೆಂಬರ್ ಕೊನೆಯ ಹೊತ್ತಿಗೆ. ಅಷ್ಟರಲ್ಲಿ ಬಿತ್ತನೆ ಮುಗಿದು ಹೋಗಿರುತ್ತದೆ. ಉಳಿಯುವುದು ಕೊಯ್ಲಿನ ದಿನ, ಟಾರ್ಪಾಲು ಮತ್ತು ವಿಮೆ.

ಫಸಲ್ ಬಿಮಾ ಯೋಜನೆಯಲ್ಲಿ, ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ 14 ದಿನಗಳೊಳಗೆ ಚಂಡಮಾರುತದ ಅಥವಾ ಅಕಾಲಿಕ ಮಳೆಗೆ ತುತ್ತಾದರೆ ಪರಿಹಾರ ಕೋರಲು ಅವಕಾಶವಿದೆ. ಹಾನಿಯಾದ 72 ಗಂಟೆಗಳೊಳಗೆ ದೂರು ದಾಖಲಾಗಬೇಕು. ಮಳೆ ನಿಂತ ಮೇಲೂ ಬಿಸಿಲು ಬಂದೀತೆಂದು ತೆನೆ ಮಗುಚುತ್ತಾ ಕಾಯುವ ರೈತರಿಗೆ ಆ ಮೂರು ದಿನ ಕಳೆದದ್ದೇ ತಿಳಿಯುವುದಿಲ್ಲ.