ಅಲಿಯ ಎದುರು ನಿಂತವನ ಒಂದು ಲಕ್ಷ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಹುಡುಗರನ್ನು ಹೋರಿಗಳ ಹೆಸರು ಕೇಳಿ ನೋಡಿ. ದೀಪಾವಳಿ ಕಳೆದ ಮೇಲೆ ಕೊಬ್ಬರಿ ಕಟ್ಟಿಕೊಂಡು ಓಡುವ ಹೋರಿ ಯಾವ ಊರಿನದು, ಯಾವ ವರ್ಷ ಯಾರ ಕೈಗೂ ಸಿಗದೆ ಹೋಯಿತು ಎಂದು ಉಸಿರು ಬಿಡದೆ ಹೇಳುತ್ತಾರೆ. ಅಂಗಿಯ ಮೇಲೆ ಅದರ ಚಿತ್ರವನ್ನೂ ಹಾಕಿಸಿಕೊಂಡಿರುತ್ತಾರೆ. ಅದೇನೂ ತಪ್ಪಲ್ಲ. ಆದರೆ ಅದೇ ಊರಿನ ಜಾತ್ರೆಯಲ್ಲಿ ಮೂವತ್ತು ವರ್ಷದ ಹಿಂದೆ ಬೆಳ್ಳಿ ಕಡಗ ಗೆದ್ದ ಪೈಲ್ವಾನ ಯಾರು ಎಂದು ಕೇಳಿ. ತಲೆ ಕೆರೆದುಕೊಳ್ಳುತ್ತಾರೆ. ಹೋರಿಗಿರುವ ಅಭಿಮಾನಿ ಬಳಗ ಮನುಷ್ಯನಿಗಿಲ್ಲ!

ಕಣದಿಂದ ಇಳಿದ ಮೇಲೆ ಗೆದ್ದವನ ಗತಿ ಏನು? ಈ ಪ್ರಶ್ನೆಗೆ ಉತ್ತರ ಬೇಕಿದ್ದವರು ಪಂಜಾಬಿನ ಒಬ್ಬ ಬಾಕ್ಸರ್‌ನ ಕತೆ ಕೇಳಬೇಕು. ಹೆಸರು ಕೌರ್ ಸಿಂಗ್. ಸಂಗ್ರೂರು ಜಿಲ್ಲೆಯ ಖನಾಲ್ ಖುರ್ದ್ ಎಂಬ ಹಳ್ಳಿಯ ರೈತ. ಎಪ್ಪತ್ತರ ದಶಕದ ಆರಂಭದಲ್ಲಿ ಸೈನ್ಯ ಸೇರಿದ. ಬಾಕ್ಸಿಂಗ್ ಹಿಡಿದದ್ದು 1977ರಲ್ಲಿ, ಬೇರೆಯವರು ಆಟ ಮುಗಿಸುವ ವಯಸ್ಸಿನಲ್ಲಿ. ಎರಡೇ ವರ್ಷದಲ್ಲಿ ಹೆವಿವೇಯ್ಟ್ ವಿಭಾಗದ ರಾಷ್ಟ್ರೀಯ ಚಾಂಪಿಯನ್.

1980ರ ಜನವರಿ 27ರಂದು ದೆಹಲಿಯ ನ್ಯಾಷನಲ್ ಸ್ಟೇಡಿಯಂನಲ್ಲಿ ಈ ಸಿಪಾಯಿಯ ಎದುರು ನಿಂತಿದ್ದವನು ಮೊಹಮ್ಮದ್ ಅಲಿ. ಮೂರು ಸಲ ಜಗತ್ತಿನ ಹೆವಿವೇಯ್ಟ್ ಪಟ್ಟ ಗೆದ್ದ ಅಲಿ! ಆಗ ಅವನಿಗೆ ಮೂವತ್ತೆಂಟು. ಅದು ಪ್ರದರ್ಶನ ಪಂದ್ಯ, ನಾಲ್ಕೇ ಸುತ್ತು, ನಿಜ. ಆದರೂ ಗ್ಲೌಸು ತೊಟ್ಟು ಮೂರು ವರ್ಷವೂ ಸರಿಯಾಗಿ ತುಂಬದ ಹಳ್ಳಿ ರೈತನೊಬ್ಬ ಆ ಮುಷ್ಟಿಯ ಮುಂದೆ ನಾಲ್ಕು ಸುತ್ತು ನಿಂತ. ಅದೇ ವರ್ಷ ಮುಂಬೈಯಲ್ಲಿ ಏಷ್ಯನ್ ಚಾಂಪಿಯನ್. 1982ರ ದೆಹಲಿ ಏಷ್ಯಾಡ್‌ನಲ್ಲಿ ಚಿನ್ನ. ಅರ್ಜುನ ಪ್ರಶಸ್ತಿ, 1983ರಲ್ಲಿ ಪದ್ಮಶ್ರೀ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಆದ ಮೇಲೆ ಗ್ಲೌಸು ಬಿಚ್ಚಿಟ್ಟ.

ಇಲ್ಲಿಗೆ ಚಪ್ಪಾಳೆ ಮುಗಿಯಿತು. ಏಷ್ಯಾಡ್ ಚಿನ್ನಕ್ಕೆ ಪಂಜಾಬ್ ಸರ್ಕಾರ ಒಂದು ಲಕ್ಷ ರೂಪಾಯಿ ಘೋಷಿಸಿತ್ತು. ಆ ಹಣ ಬರಲಿಲ್ಲ. ಮುಖ್ಯಮಂತ್ರಿಗಳು ಬಂದರು, ಹೋದರು. 2017ರಲ್ಲಿ ಹೃದಯದ ಚಿಕಿತ್ಸೆಗೆ ಖಾಸಗಿ ಲೇವಾದೇವಿಯವನ ಬಳಿ ಎರಡು ಲಕ್ಷ ಸಾಲ ಮಾಡಿದ ಪದ್ಮಶ್ರೀ ಕೌರ್ ಸಿಂಗ್ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆಮೇಲೆ ನೋಡಿ ಅವಸರ! ರಾಜ್ಯ ಸರ್ಕಾರ ಎರಡು ಲಕ್ಷ ಕೊಟ್ಟಿತು, ಕೇಂದ್ರದ ಕ್ರೀಡಾ ಸಚಿವರು ಐದು ಲಕ್ಷ ಮಂಜೂರು ಮಾಡಿದರು. ಮೂವತ್ತೈದು ವರ್ಷ ಕಾಣದ ಕಡತ ಕೆಲವೇ ದಿನದಲ್ಲಿ ಸಿಕ್ಕಿತು. 1982ರಲ್ಲಿ ಒಂದು ಲಕ್ಷವೆಂದರೆ ರೈತನ ಮನೆಗೆ ಆಧಾರವಾಗುವ ದುಡ್ಡು. ಮುದುಕನಾದ ಮೇಲೆ ಬಂದದ್ದು ಆಸ್ಪತ್ರೆಯ ಬಿಲ್ಲಿಗೆ. 2023ರ ಏಪ್ರಿಲ್ 27ರಂದು ಕೌರ್ ಸಿಂಗ್ ತೀರಿಕೊಂಡರು.

ಪಂಜಾಬನ್ನು ಬರೀ ಬೈದು ಸುಮ್ಮನಾಗುವಂತಿಲ್ಲ. 2023ರಲ್ಲಿ ಅವರ ಜೀವನಚರಿತ್ರೆಯನ್ನು ಮಿಲ್ಖಾ ಸಿಂಗ್, ಬಲಬೀರ್ ಸಿಂಗ್ ಅವರ ಜತೆಗೆ ಅಲ್ಲಿಯ ಶಾಲೆಗಳ ದೈಹಿಕ ಶಿಕ್ಷಣದ ಪುಸ್ತಕಕ್ಕೆ ಸೇರಿಸಿದರು. ತಡವಾಯಿತು, ಆದರೆ ಮಾಡಿದರು. ಅಲ್ಲಿಯ ಮಕ್ಕಳು ತಮ್ಮ ಬಾಕ್ಸರ್‌ನ ಬಗ್ಗೆ ಓದುತ್ತಾರೆ. ಈಗ ನೀವು ಹೇಳಿ, ಕನ್ನಡದ ಹುಡುಗರೇ: ಚೇನಂಡ ಮಾಚಯ್ಯ ಯಾರು? ಕೊಡಗಿನವರು, 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಹೋದ ಬಾಕ್ಸರ್, 1978-79ರ ಅರ್ಜುನ ಪ್ರಶಸ್ತಿ ಪಡೆದವರು. ಅಲಿಯ ಚಿತ್ರ ಕೋಣೆಯ ಗೋಡೆಗೆ ಅಂಟಿಸಿಕೊಂಡ ಎಷ್ಟು ಮಂದಿಗೆ ಈ ಹೆಸರು ಗೊತ್ತು? ಮಾಚಯ್ಯನವರ ಬಗ್ಗೆ ಕನ್ನಡದ ಪಠ್ಯದಲ್ಲಿ ಎರಡು ಪುಟ ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಇನ್ನೊಂದು ಮಾತು. 2022ರ ಸೆಪ್ಟೆಂಬರಿನಲ್ಲಿ ಹಾವೇರಿಯ ಜಿಲ್ಲಾ ಕ್ರೀಡಾಂಗಣದಲ್ಲಿ ಅಗ್ನಿವೀರರ ಭರ್ತಿ ನಡೆಯಿತು. ಸಾವಿರಾರು ಹುಡುಗರು ಓಡಿದರು. ಈ ಯೋಜನೆಯಲ್ಲಿ ನೌಕರಿ ನಾಲ್ಕು ವರ್ಷ. ಆಮೇಲೆ ಉಳಿಯುವವರು ನೂರಕ್ಕೆ ಇಪ್ಪತ್ತೈದು ಮಂದಿ. ಕೌರ್ ಸಿಂಗ್ ಸೈನ್ಯ ಸೇರಿ ನಾಲ್ಕು ವರ್ಷವಾದಾಗ ಅವರಿಗಿನ್ನೂ ಬಾಕ್ಸಿಂಗ್‌ನ ಗಂಧವೇ ಇರಲಿಲ್ಲ. ಅವತ್ತು ಈ ನಿಯಮವಿದ್ದಿದ್ದರೆ ಅವರು ಊರಿಗೆ ಮರಳಿ ಎತ್ತು ಹೂಡುತ್ತಿದ್ದರೋ ಏನೋ. ನಮ್ಮ ರೈತರ ಮಕ್ಕಳಿಗೆ ಊಟ, ಕೋಚು, ಕಣ ಮೂರೂ ಪುಕ್ಕಟೆ ಸಿಗುವ ಜಾಗಗಳಲ್ಲಿ ಸೈನ್ಯ ಒಂದು. ಆ ಬಾಗಿಲು ಕಿರಿದಾದರೆ ಹೋಬಳಿಗೊಂದು ಗರಡಿ, ತಾಲ್ಲೂಕಿಗೊಬ್ಬ ತರಬೇತುದಾರ ಬೇಕೆಂದು ಕೇಳಬೇಕಾದವರು ನಾವೇ.

ದೂರದ ಮಾತು ಸಾಕು. ಮಾಜಿ ಕುಸ್ತಿಪಟುಗಳಿಗೆ ಮಾಸಾಶನ ಕೊಡುವ ಯೋಜನೆ ನಮ್ಮ ರಾಜ್ಯದ ಕ್ರೀಡಾ ಇಲಾಖೆಯಲ್ಲಿದೆ. ತೊಡಕಿರುವುದು ಕಾಗದದಲ್ಲಿ. ಪೈಲ್ವಾನನ ಕೈಯಲ್ಲಿ ಏನಿರುತ್ತದೆ? ಮಾಸಿದ ಒಂದು ಫೋಟೋ, ಗೆದ್ದ ಒಂದು ಗದೆ. ಪ್ರಮಾಣಪತ್ರ ಮಳೆಗೆ ನೆನೆದು ಹೋಗಿರುತ್ತದೆ, ಇಲ್ಲವೆ ಗೆದ್ದಿಲು ತಿಂದಿರುತ್ತದೆ. ಕೊಟ್ಟ ಸಂಘ ಈಗ ಇರುವುದಿಲ್ಲ. ಮೆಣಸಿನಕಾಯಿ ಚೀಲ ಹೊತ್ತು ಬದುಕಿದವನು ಕಚೇರಿಯ ಕಟ್ಟೆಯ ಮೇಲೆ ಎಷ್ಟು ದಿನ ಕೂತಾನು?

ಬೆಂಗಳೂರು, ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ ಈ ಮೂರೂ ತಾಲ್ಲೂಕಿನ ಹುಡುಗರು ಹಬ್ಬಕ್ಕೆ ಊರಿಗೆ ಹೋಗುತ್ತೀರಿ. ಈ ಸಲ ಹೋದಾಗ ಗರಡಿ ಮನೆಯ ಹಿರಿಯರನ್ನು ಮಾತಾಡಿಸಿ. ಹೆಸರು, ವಯಸ್ಸು, ಗೆದ್ದ ಕುಸ್ತಿ ಬರೆದುಕೊಳ್ಳಿ. ಇಸವಿ ನೆನಪಿಲ್ಲವೆಂದರೆ ಯಾವ ಜಾತ್ರೆ, ಎದುರಾಳಿ ಯಾರು ಎಂದು ಕೇಳಿ. ಅದನ್ನು ಅವರು ಮರೆತಿರುವುದಿಲ್ಲ. ಫೋಟೋದ ಪ್ರತಿ ತೆಗೆಸಿ. ಅರ್ಜಿಯನ್ನು ನೀವೇ ಕೂತು ತುಂಬಿ, ಕನ್ನಡದಲ್ಲೇ ತುಂಬಿ, ಜಿಲ್ಲಾ ಕ್ರೀಡಾ ಕಚೇರಿಗೆ ಅವರ ಜತೆ ಹೋಗಿ ಸ್ವೀಕೃತಿ ಚೀಟಿ ಪಡೆದೇ ಬನ್ನಿ.