ಭಯ ಬಂದ ಭಂಗಿಯಲ್ಲಿಯೇ

ಪಾಲಿ ತ್ರಿಪಿಟಕದ ಮಜ್ಝಿಮ ನಿಕಾಯದಲ್ಲಿ ‘ಭಯಭೇರವ ಸುತ್ತ’ ಎಂಬುದೊಂದುಂಟು. ತಾನಿನ್ನೂ ಬುದ್ಧನಾಗದಿದ್ದ ಕಾಲದಲ್ಲಿ ಅಷ್ಟಮಿ, ಚತುರ್ದಶಿ, ಪಂಚದಶಿಯ ರಾತ್ರಿಗಳಂದು ಜನರು ಅಂಜುವ ವನಚೈತ್ಯಗಳಿಗೆ ಬೇಕೆಂದೇ ಹೋಗಿ ತಂಗಿದ್ದಾಗ, ಮೃಗವೊಂದು ಸುಳಿದರೂ, ನವಿಲೊಂದು ಕಡ್ಡಿ ಕೆಡಹಿದರೂ, ತರಗೆಲೆಗಳ ನಡುವೆ ಗಾಳಿ ಸರಿದರೂ ‘ಇದೋ, ಭಯವೇ ಬಂದಿತು’ ಎಂದು ತನಗೂ ತೋರುತ್ತಿದ್ದಿತೆಂಬುದನ್ನು ಗೌತಮನು ಒಬ್ಬ ಬ್ರಾಹ್ಮಣನಿಗೆ ಅಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಆಗ ಆತನು ಕೈಗೊಂಡ ನಿಶ್ಚಯ ಇಷ್ಟೆ: ನಡೆಯುವಾಗ ಭಯವುಂಟಾದರೆ ನಡೆಯುತ್ತಲೇ, ಕುಳಿತಾಗ ಉಂಟಾದರೆ ಕುಳಿತೇ, ಮಲಗಿದಾಗ ಉಂಟಾದರೆ ಮಲಗಿಯೇ ಅದನ್ನು ಶಮನಗೊಳಿಸತಕ್ಕದ್ದು, ಅದಕ್ಕೆ ಮುನ್ನ ಭಂಗಿಯನ್ನು ಬದಲಿಸಕೂಡದು.

ಸದ್ಯದ ಕ್ಷಣದಲ್ಲಿ ನಿಲ್ಲುವುದೆಂದರೆ ಕಣ್ಮುಚ್ಚಿ ಹಾಯಾಗಿರುವುದೆಂದು ಭಾವಿಸಿದವರು ಈ ನಿಶ್ಚಯವನ್ನು ಗಮನಿಸಬೇಕು. ಭಯಗೊಂಡವನಿಗೆ ನಾವು ಸಾಮಾನ್ಯವಾಗಿ ನೀಡುವ ಉಪದೇಶ ಇದಕ್ಕೆ ನೇರ ವಿರುದ್ಧವಾದದ್ದು. ‘ಅದನ್ನೆಲ್ಲ ಯೋಚಿಸಬೇಡ, ಮನಸ್ಸನ್ನು ಬೇರೆ ಕಡೆ ಹರಿಸು’ ಎನ್ನುತ್ತೇವೆ. ಅವನೂ ಮೊಬೈಲನ್ನು ಕೈಗೆತ್ತಿಕೊಳ್ಳುತ್ತಾನೆ, ಹೋಗಬೇಕಾದ ಸಭೆಯನ್ನು ತಪ್ಪಿಸಿಕೊಳ್ಳುತ್ತಾನೆ, ಕ್ಷಣಕಾಲ ಹಗುರವೂ ಆಗುತ್ತಾನೆ. ಆದರೆ ತಪ್ಪಿಸಿಕೊಂಡದ್ದರಿಂದಲೇ ಬದುಕಿದೆನೆಂಬ ಪಾಠವನ್ನು ಮನಸ್ಸು ಆ ಹಗುರತನದಿಂದ ಕಲಿತುಬಿಡುವುದರಿಂದ, ಮರುಸಲ ಆ ಭಯವು ಇನ್ನೂ ಬೇಗ, ಇನ್ನೂ ಅಲ್ಪ ಕಾರಣಕ್ಕೆ ತಲೆದೋರುತ್ತದೆ. ಅದಕ್ಕೆ ಬದಲಾಗಿ, ಉಸಿರು ಮೊಟಕಾಗಿದೆ, ಎದೆ ಬಿಗಿದಿದೆ, ಅಂಗೈ ತಣ್ಣಗಾಗಿದೆ, ‘ನಾಳೆ ಎಲ್ಲವೂ ಕೆಡುವುದು’ ಎಂಬ ಆಲೋಚನೆಯೊಂದು ಎದ್ದಿದೆ ಎಂದು ಒಂದೊಂದನ್ನೂ ಇದ್ದಂತೆಯೇ ಅರಿಯುತ್ತ ನಿಂತವನಿಗೆ, ಭಯವು ಏರುವಂತೆಯೇ ಇಳಿಯುವುದೂ ಉಂಟೆಂಬುದು ಕಾಲಕ್ರಮದಲ್ಲಿ ಪ್ರತ್ಯಕ್ಷವಾಗುತ್ತದೆ. ಇದು ಸುಖಕರವಾದ ಸಾಧನೆಯೆಂದು ನಾನು ಹೇಳಲಾರೆ.

ಪ್ರಾಚೀನವಾದುದೆಂಬ ಕಾರಣಕ್ಕೇ ಇದನ್ನು ಒಪ್ಪಬೇಕಾಗಿಲ್ಲ. 1979ರಲ್ಲಿ ಜಾನ್ ಕಬಟ್-ಜಿನ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಶಾಲೆಯಲ್ಲಿ ಇದೇ ಬಗೆಯ ಅರಿವನ್ನು ಕಲಿಸಲು ಆರಂಭಿಸಿದ ಎಂಟು ವಾರಗಳ ಅಭ್ಯಾಸಕ್ರಮವನ್ನು, ಆತಂಕದ ಕಾಯಿಲೆಯುಳ್ಳ 276 ಮಂದಿಯನ್ನು ಎರಡು ಗುಂಪು ಮಾಡಿ, ಎಸ್ಸಿಟಲೋಪ್ರಾಮ್ ಎಂಬ ಔಷಧದೊಡನೆ ಹೋಲಿಸಿ ನೋಡಿದ ಪರೀಕ್ಷೆಯೊಂದು 2022ರಲ್ಲಿ ಪ್ರಕಟವಾಯಿತು. ಅಭ್ಯಾಸವು ಔಷಧಕ್ಕಿಂತ ಕಡಿಮೆಯದಲ್ಲವೆಂದು ಅದರಲ್ಲಿ ಕಂಡುಬಂದಿತು. ಆ ಅಭ್ಯಾಸವಾದರೋ ವಾರವಾರದ ತರಗತಿ, ಜೊತೆಗೆ ಮನೆಯಲ್ಲಿ ದಿನವೂ ಮುಕ್ಕಾಲು ಗಂಟೆ. ಮಲಗುವ ಮುನ್ನ ಆ್ಯಪ್ ಒಂದನ್ನು ಐದು ನಿಮಿಷ ಕೇಳಿ ಅದೇ ಫಲವನ್ನು ಅಪೇಕ್ಷಿಸುವುದು ನ್ಯಾಯವಲ್ಲ.

ಇನ್ನೊಂದು ಅನ್ಯಾಯವೂ ಇದೆ. ಮೂವರ ಕೆಲಸವನ್ನು ಒಬ್ಬನ ಮೇಲೆ ಹೇರಿ, ಅವನು ನಿದ್ರೆಗೆಟ್ಟಾಗ ಕಚೇರಿಯಲ್ಲಿ ಧ್ಯಾನಶಿಬಿರ ಏರ್ಪಡಿಸುವ ಯಜಮಾನರು ಗೌತಮನ ಮಾತನ್ನು ತಲೆಕೆಳಗಾಗಿ ಓದಿದವರು. ಆತನು ಎದುರಿಸಿದ್ದು ನವಿಲಿನ ಸದ್ದನ್ನು. ಸಾಲ ಕೊಟ್ಟವನು ಬಾಗಿಲು ತಟ್ಟುತ್ತಿರುವಾಗ, ಮನೆಯೊಳಗೇ ಹೊಡೆಯುವವನಿರುವಾಗ ಹುಟ್ಟುವ ಭಯವು ಸಕಾರಣವಾದುದು. ಅಲ್ಲಿ ಭಂಗಿಯನ್ನು ಬದಲಿಸಲೇಬೇಕು, ನೆರವನ್ನು ಕೇಳಲೇಬೇಕು. ಕಾರಣವೇ ಕಾಣದ ಆತಂಕವು ವಾರಗಟ್ಟಲೆ ಊಟ ನಿದ್ರೆಗಳನ್ನು ಕೆಡಿಸುತ್ತಿದ್ದರೂ ವೈದ್ಯರಲ್ಲಿಗೆ ಹೋಗತಕ್ಕದ್ದೇ ಸರಿ. ಈಗಾಗಲೇ ಔಷಧ ಸೇವಿಸುತ್ತಿರುವವರು ಧ್ಯಾನವನ್ನು ನಂಬಿ ತಾವಾಗಿ ಔಷಧವನ್ನು ನಿಲ್ಲಿಸಕೂಡದು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಶುಲ್ಕವಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.